ಪ್ರತಿ ಹಾಳೆಗೂ ಒಂದು ಚೌಕ

ನನಗೆ ಒಬ್ಬರನ್ನು ಹೊಗಳುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಇಪ್ಪತ್ತೆರಡು ವರ್ಷದಿಂದ ಝೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಹಾಳೆಯನ್ನು ತಲೆಕೆಳಗಾಗಿ ಕೊಟ್ಟು, ‘ಇದ್ಯಾಕೆ ಹೀಗೆ ಬಂತು’ ಎಂದು ನನ್ನನ್ನೇ ದಬಾಯಿಸುವವರನ್ನು ದಿನಕ್ಕೆ ಹತ್ತು ಮಂದಿಯಂತೆ ನೋಡಿದವನಿಗೆ ಮನುಷ್ಯರ ಮೇಲೆ ಎಷ್ಟು ಗೌರವ ಉಳಿದೀತು? ಆದರೆ ಗೋಡೆಯಾಚೆ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಟೇಪಕ್ಕನ ವಿಷಯದಲ್ಲಿ ನಾನು ಸೋತಿದ್ದೇನೆ. ಹೊಗಳಲೇಬೇಕು. ಅದರಲ್ಲೂ ನನ್ನ ತಲೆಗೆ ಬರಬೇಕಾಗಿದ್ದ ಒಂದು ತಪ್ಪನ್ನು ಆಕೆ ತನ್ನ ತಲೆಗೆ ಕಟ್ಟಿಕೊಂಡ ಮೇಲೆ ನಾನು ಬಾಯಿ ಮುಚ್ಚಿಕೊಂಡಿರುವುದು ನ್ಯಾಯವಲ್ಲ.

ಕೊರಳಲ್ಲಿ ಅಳತೆ ಟೇಪು ಸದಾ ಇರುತ್ತದೆ, ಅದಕ್ಕೇ ಆ ಹೆಸರು. ಆಸ್ಪತ್ರೆಗೆ ಹೋದರೂ ಇರುತ್ತದೆ, ಬ್ಯಾಂಕಿಗೆ ಹೋದರೂ ಇರುತ್ತದೆ. ಹದಿನಾಲ್ಕು ವರ್ಷದ ಹಿಂದೆ ಪಕ್ಕದ ಮಳಿಗೆ ಹಿಡಿದಾಗ ಆಕೆಯ ಬಳಿ ಇದ್ದದ್ದು ಒಂದು ಕಾಲು ತುಳಿತದ ಯಂತ್ರ, ಒಂದು ಮೇಜು, ಗೋಡೆಗೆ ಒಂದು ಕನ್ನಡಿ. ಗಂಡ ಲಿಫ್ಟ್ ರಿಪೇರಿಯವನು. ಮಾತು ಕಡಿಮೆ, ಊಟ ಚೆನ್ನಾಗಿ ಮಾಡುತ್ತಾನೆ. ಮನೆಯಲ್ಲಿ ಮಾತಿನ ಖಾತೆ ಪೂರ್ತಿ ಅತ್ತೆಯದು. ಟೇಪಕ್ಕ ಹೊಲಿಗೆ ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ. ಚಿಕ್ಕಂದಿನಲ್ಲಿ ಹಳೇ ಅಂಗಿಗಳ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿ, ತುಂಡುಗಳನ್ನು ನೆಲದ ಮೇಲೆ ಹರಡಿ, ‘ಓಹೋ, ಹೀಗೆ ಕತ್ತರಿಸಿದ್ದಾರೆ’ ಎಂದು ನೋಡಿ ನೋಡಿ ಕಲಿತದ್ದು. ಮತ್ತೆ ಹೊಲಿದು ಇಟ್ಟರೆ ಬಿಚ್ಚಿದ ಗುರುತು ಮನೆಯವರಿಗೆ ಸಿಗುತ್ತಿರಲಿಲ್ಲವಂತೆ.

ಏಳು ವರ್ಷದ ಹಿಂದಿನ ಮಾತು. ಅತ್ತೆಗೆ ಒಂದು ಆಪರೇಷನ್ ಆಗಿ ಎಡ ಹೆಗಲು ಇಳಿದುಬಿಟ್ಟಿತ್ತು. ಯಾವ ಅಂಗಿ ಹಾಕಿದರೂ ಒಂದು ಕಡೆ ಜಾರುತ್ತಿತ್ತು. ಮುದುಕಿ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಸೊಸೆಯ ಕೈಗುಣವನ್ನು ಬಣ್ಣಿಸುತ್ತಿದ್ದಳು. ಟೇಪಕ್ಕ ಪೇಪರ್ ಕಟಿಂಗ್, ಅಂದರೆ ಬಟ್ಟೆಯ ಮೇಲಿಟ್ಟು ಕತ್ತರಿಸುವ ಕಾಗದದ ನಮೂನೆ, ಹಿಡಿದುಕೊಂಡು ನನ್ನ ಅಂಗಡಿಗೆ ಬರುತ್ತಿದ್ದಳು.

“ಅಣ್ಣ, ಈ ಕಡೆದು ಸ್ವಲ್ಪ ದೊಡ್ಡದು ಮಾಡಿ. ನೂರಕ್ಕೆ ನೂರಾಮೂರು.”

ಕೊಟ್ಟರೆ ಹತ್ತು ನಿಮಿಷಕ್ಕೆ ವಾಪಸ್. “ಸಾಲದು ಅಣ್ಣ, ನೂರಾ ಐದು.” ಮತ್ತೆ ವಾಪಸ್. “ಜಾಸ್ತಿ ಆಯ್ತು, ನೂರಾನಾಲ್ಕು.” ಹೀಗೆ ಒಂದು ವಾರ. ಕ್ಯೂನಲ್ಲಿ ನಿಂತವರು ಗೊಣಗುತ್ತಿದ್ದರು, ನನ್ನ ತಲೆ ಕಾದ ಹೆಂಚಾಗಿತ್ತು. ಈಕೆಯ ಕಾಟ ತಪ್ಪಿದರೆ ಸಾಕೆಂದು ನಾನೇ ಕಂಪ್ಯೂಟರಿನಲ್ಲಿ ಹುಡುಕಿ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟೆ. ಮೈಯ ಅಳತೆ ಕೊಟ್ಟರೆ ಅದೇ ಲೆಕ್ಕ ಹಾಕಿ ಪೇಪರ್ ಕಟಿಂಗ್ ಬರೆದುಕೊಡುತ್ತದೆ. ಓಪನ್ ಸೋರ್ಸ್. ಯಾರು ಬೇಕಾದರೂ ಬಳಸಬಹುದು, ಹಂಚಬಹುದು, ಒಳಗಿನ ಕೋಡನ್ನು ನೋಡಬಹುದು, ತಿದ್ದಿ ಒಪ್ಪಿಸಬಹುದು. ನಾನು ಇದನ್ನೆಲ್ಲ ವಿವರಿಸಿದಾಗ ಟೇಪಕ್ಕ ಒಂದೇ ಮಾತಿನಲ್ಲಿ ಅರ್ಥ ಮಾಡಿಕೊಂಡಳು.

“ಹೊಲಿಗೆ ಬಿಚ್ಚಿ ನೋಡಿದ್ರೆ ಬೈಯಲ್ಲ ಅನ್ನಿ.”

ಕಾಟ ತಪ್ಪಿತು ಅಂದುಕೊಂಡೆ. ಎರಡನೇ ದಿನಕ್ಕೇ ಬಂದಳು. “ಅಣ್ಣ, ಇದಕ್ಕೆ ಬುದ್ಧಿ ಇಲ್ಲ. ಒಂದೇ ಹೆಗಲಿನ ಅಳತೆ ಕೇಳುತ್ತೆ. ಇನ್ನೊಂದು ಕಡೆನೂ ಅದೇ ಅಂದ್ಕೊಳ್ಳುತ್ತೆ.”

“ಎಲ್ಲರಿಗೂ ಎರಡೂ ಕಡೆ ಒಂದೇ ಅಲ್ಲವೇನಮ್ಮ?”

“ಮೂವತ್ತು ವರ್ಷದಿಂದ ಅಳೀತಿದೀನಿ, ಎರಡೂ ಹೆಗಲು ಒಂದೇ ಥರ ಇರೋ ಒಬ್ಬರನ್ನೂ ನೋಡಿಲ್ಲ. ನಿಲ್ಲಿ, ನಿಮ್ಮದೇ ನೋಡೋಣ.” ನಿಂತಲ್ಲೇ ಟೇಪು ಹಾಕಿದಳು. ನನ್ನ ಬಲ ಹೆಗಲು ಒಂದೂವರೆ ಸೆಂಟಿಮೀಟರ್ ಕೆಳಗಿದೆ. ಐವತ್ತೆಂಟು ವರ್ಷ ಗೊತ್ತಿಲ್ಲದೆ ಬದುಕಿದ್ದೆ. “ಇದನ್ನ ಮಾಡಿದೋರಿಗೆ ಬರೀರಿ ಅಣ್ಣ,” ಅಂದಳು.

ಝೆರಾಕ್ಸಿಗೆ ಮುಂಚೆ ನಾನು ಕೋರ್ಟಿನೆದುರು ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಬರೆದುಕೊಡುತ್ತಿದ್ದವನು. ಸಾಫ್ಟ್‌ವೇರಿನವರು ಪತ್ರ ಬರೆಯುವ ಇಂಗ್ಲಿಷ್ ನನಗೆ ಬರುತ್ತಿತ್ತು, ಆಕೆಗೆ ಅಷ್ಟಕ್ಕಷ್ಟೆ. ಹಾಗಾಗಿ ಟೇಪಕ್ಕ ಹೇಳಿದಳು, ನಾನು ಬರೆದೆ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ‘ಮಾನ್ಯರೇ, ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ’ ಎಂದು ಶುರುಮಾಡಿ, ‘ಅರ್ಜಿದಾರಳ ಅತ್ತೆಯವರ ಎಡ ಹೆಗಲನ್ನು ದಯಾಪೂರ್ವಕವಾಗಿ ಪರಿಗಣಿಸಬೇಕಾಗಿ ಪ್ರಾರ್ಥನೆ’ ಎಂದು ಮುಗಿಸಿದೆ. ಕೆಳಗೆ ಮುದುಕಿಯ ಎರಡೂ ಹೆಗಲಿನ ಅಳತೆ, ಅಂಗಿ ಜಾರಿದ ಫೋಟೋ.

ಆ ಸಾಫ್ಟ್‌ವೇರನ್ನು ಕೂಡಿ ಕಟ್ಟುವವರ ಸಮುದಾಯದಲ್ಲಿ ಜನ ಹಲವು ದೇಶಗಳಲ್ಲಿ ಹರಡಿದ್ದಾರೆ, ಒಬ್ಬರ ಮುಖ ಒಬ್ಬರು ಕಂಡಿಲ್ಲ. ಯಾರಿಗೂ ಇದು ಹೊಟ್ಟೆಪಾಡಿನ ಕೆಲಸವಲ್ಲ, ಬಿಡುವಿನಲ್ಲಿ ಮಾಡುವುದು. ಮುಖ್ಯ ಉಸ್ತುವಾರಿಯವನ ಚಿತ್ರದಲ್ಲಿ ಎದೆಯವರೆಗೆ ಗಡ್ಡ. ನಾವು ಅವನನ್ನು ಗಡ್ಡಪ್ಪ ಎನ್ನುತ್ತೇವೆ. ಗಡ್ಡಪ್ಪ ಮಾರನೇ ದಿನವೇ ಉತ್ತರ ಬರೆದ. ‘ಒಂಬತ್ತು ವರ್ಷದಲ್ಲಿ ನಮಗೆ ಯಾರೂ ಇದನ್ನು ಹೇಳಿರಲಿಲ್ಲ. ನಾನು ಈಗಷ್ಟೇ ಕನ್ನಡಿಯ ಮುಂದೆ ನಿಂತು ನೋಡಿಕೊಂಡೆ. ಅರ್ಜಿದಾರರು ಹೇಳುವುದು ನಿಜ.’ ಎರಡು ತಿಂಗಳಿಗೆ ಹೊಸ ಆವೃತ್ತಿ ಬಂತು. ಎಡಕ್ಕೆ ಬೇರೆ, ಬಲಕ್ಕೆ ಬೇರೆ ಅಳತೆ. ಅತ್ತೆಗೆ ಅಂಗಿ ಕೂತಿತು. ಮುದುಕಿ ಕನ್ನಡಿಯಲ್ಲಿ ಹಿಂದೆ ಮುಂದೆ ನೋಡಿಕೊಂಡು, “ಬಣ್ಣ ಚೆನ್ನಾಗಿಲ್ಲ,” ಎಂದಳು.

ಅಲ್ಲಿಂದ ಟೇಪಕ್ಕ ಆ ಕೆಲಸಕ್ಕೆ ಅಂಟಿಕೊಂಡಳು. ಪ್ರತಿ ಹೊಸ ಆವೃತ್ತಿ ಹೊರಬರುವ ಮುಂಚೆ ಅದರಿಂದ ಒಂದು ಅಂಗಿಯ ಕಟಿಂಗ್ ಮುದ್ರಿಸಿ, ಕೋರಾ ಬಟ್ಟೆಯಲ್ಲಿ ಕತ್ತರಿಸಿ ಹೊಲಿದು, ಗಂಡನಿಗೋ ಅತ್ತೆಗೋ ತೊಡಿಸಿ, ಎಲ್ಲಿ ಹಿಡಿಯುತ್ತದೆ, ಎಲ್ಲಿ ಸಡಿಲ ಎಂದು ಸೀಮೆಸುಣ್ಣದಲ್ಲಿ ಗುರುತು ಮಾಡಿ ಫೋಟೋ ಕಳಿಸುವುದು. ಲಿಫ್ಟ್ ರಿಪೇರಿಯವನು ಬಿಳಿ ಕೋರಾ ಅಂಗಿಯಲ್ಲಿ ಕೈ ಎತ್ತಿ ನಿಂತ ಫೋಟೋಗಳನ್ನು ಯಾವ ಯಾವ ದೇಶದವರು ನೋಡಿದ್ದಾರೋ! ಆ ಬಡಪಾಯಿ ಒಂದು ದಿನವೂ ಬೇಡ ಅನ್ನಲಿಲ್ಲ. ಅತ್ತೆ ಮಾತ್ರ “ಊರಿಗೆ ಉಪಕಾರಿ, ಮನೆಗೆ ಮಾರಿ” ಎನ್ನುತ್ತಲೇ ತನ್ನ ಸರದಿ ಬಂದಾಗ ತಲೆ ಬಾಚಿಕೊಂಡು ನಿಲ್ಲುತ್ತಿದ್ದಳು.

ಬರೀ ಹೊಲಿದು ಕಳಿಸಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ಆಕೆ ಕೋಡನ್ನು ಓದಲು ಕೂತಳು. ಐವತ್ತರ ಹತ್ತಿರದ ವಯಸ್ಸು, ಹತ್ತನೇ ಕ್ಲಾಸಿನವರೆಗಿನ ಓದು. ತೋಳಿನ ಲೆಕ್ಕ ಇರುವ ಪುಟಗಳನ್ನು ನನ್ನ ಕೈಯಲ್ಲಿ ಮುದ್ರಿಸಿಕೊಂಡು, ಗಿರಾಕಿಗಳಿಲ್ಲದ ಮಧ್ಯಾಹ್ನ ಒಂದೊಂದೇ ಸಾಲನ್ನು ಬೆರಳಿಟ್ಟು ಓದುತ್ತಿದ್ದಳು. ಅರ್ಥವಾಗದ್ದನ್ನು ಗಡ್ಡಪ್ಪನಿಗೆ ಕೇಳುತ್ತಿದ್ದಳು, ನಾಚಿಕೆಯಿಲ್ಲದೆ. ಒಂದು ವರ್ಷ ಬೇಕಾಯಿತು. ಅಷ್ಟರಲ್ಲಿ ತೋಳು, ಕತ್ತು, ಹೆಗಲು, ಈ ಮೂರರ ಲೆಕ್ಕ ಆಕೆಗೆ ಬಾಯಿಪಾಠ. ನಾಲ್ಕನೇ ವರ್ಷಕ್ಕೆ ಸಮುದಾಯದಲ್ಲಿ ಒಂದು ಪದ್ಧತಿಯೇ ಬಿದ್ದಿತು. ಟೇಪಕ್ಕ ಹೊಲಿದು ನೋಡಿ ‘ಸರಿ’ ಅನ್ನದೆ ಆವೃತ್ತಿ ಹೊರಗೆ ಹೋಗುವಂತಿಲ್ಲ. ಲೆಕ್ಕಕ್ಕೂ ಬಟ್ಟೆಗೂ ಜಗಳ ಬಂದರೆ ಬಟ್ಟೆಯ ಮಾತೇ ಕೊನೆ.

ಹೋದ ವರ್ಷ ಗಡ್ಡಪ್ಪ ಎಲ್ಲರೆದುರು ಒಂದು ಪ್ರಸ್ತಾಪ ಇಟ್ಟ. ಆ ಕೂಟದಲ್ಲಿ ತಿದ್ದುಪಡಿ ಯಾರು ಬೇಕಾದರೂ ಬರೆದು ಕಳಿಸಬಹುದು. ಆದರೆ ಅದನ್ನು ಒಳಗೆ ಸೇರಿಸುವ ಹಕ್ಕು ಇದ್ದದ್ದು ಐವರಿಗೆ ಮಾತ್ರ. ಐವರೂ ಕೋಡು ಬರೆಯುವವರು. ಆ ಹಕ್ಕಿಗೆ ಅವರಲ್ಲಿ ‘ಕೀಲಿಕೈ’ ಎನ್ನುತ್ತಾರೆ. ಆರನೇ ಕೀಲಿಕೈ ಟೇಪಕ್ಕನಿಗೆ ಕೊಡೋಣ, ಬರುವ ತಿಂಗಳ ಎರಡನೇ ಶುಕ್ರವಾರ ಸದಸ್ಯರೆಲ್ಲ ಮತ ಹಾಕೋಣ ಎಂದು ಬರೆದಿದ್ದ. ನಾನು ಓದಿ ಹೇಳಿದಾಗ ಆಕೆ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಅಣ್ಣ, ನಾನು ಸರ್ಟಿಫಿಕೇಟು ಅಂತ ಏನೂ ತಗೊಂಡೋಳಲ್ಲ. ಇದೊಂದು ಸಿಕ್ಕಿದ್ರೆ ಸಾಕು ಅನ್ನಿಸ್ತಿದೆ. ಆಸೆ ಆಗ್ತಿದೆ ಅಣ್ಣ, ಸುಳ್ಳು ಯಾಕೆ ಹೇಳ್ಲಿ.”

ಆಕೆ ಏನನ್ನಾದರೂ ಬೇಕು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಇನ್ನು ನನ್ನ ಪಾಲಿನ ಕಥೆ. ನನ್ನ ಅಂಗಡಿಯಲ್ಲಿ ಎರಡು ಯಂತ್ರ. ಒಳಗಿನದು ಹಳೆಯದು, ಕರಾರುವಾಕ್ಕು. ಆದರೆ ಇಪ್ಪತ್ತು ಹಾಳೆ ದಾಟಿದರೆ ಬಿಸಿಯೇರಿ ಕಾಗದ ಹಪ್ಪಳದಂತೆ ಸುರುಳಿಯಾಗುತ್ತದೆ. ಹೋದ ವರ್ಷ ಕೌಂಟರಿನ ಪಕ್ಕಕ್ಕೆ ಒಂದು ಹೊಸದನ್ನು ತಂದಿದ್ದೆ. ಟೇಪಕ್ಕನ ಒಂದು ಅಂಗಿಗೆ ಇಪ್ಪತ್ತಾರು ಹಾಳೆ. ಇಪ್ಪತ್ತನ್ನು ಹಳೆಯದರಲ್ಲಿ ತೆಗೆದು, ಅದು ಬಿಸಿಯಾದ ಕೂಡಲೇ ಉಳಿದ ಆರನ್ನು ಹೊಸದಕ್ಕೆ ಕಳಿಸುತ್ತಿದ್ದೆ. ಆ ಕೊನೆಯ ಆರು ಹಾಳೆಗಳೇ ತೋಳು.

ಮುಂದಿನ ಆವೃತ್ತಿಯ ಪರೀಕ್ಷೆಯಲ್ಲಿ ತೋಳು ಕೂರಲಿಲ್ಲ. ಕಂಕುಳ ಸುತ್ತಿಗಿಂತ ತೋಳಿನ ಸುತ್ತು ಸುಮಾರು ಎರಡು ಸೆಂಟಿಮೀಟರ್ ಕಡಿಮೆ. ಬೇರೆ ಅಳತೆಯಲ್ಲಿ ಇನ್ನೊಂದು ಅಂಗಿ ಹೊಲಿದಳು, ಅದೂ ಹಾಗೇ. ಮೂರನೆಯದೂ ಹಾಗೇ. ಮೈಭಾಗದ ಕಾಗದಕ್ಕೆ ಟೇಪು ಹಿಡಿದಳು: ಒಂದು ಕೂದಲೆಳೆ ವ್ಯತ್ಯಾಸವಿಲ್ಲ. ಮೈ ಸರಿಯಾಗಿ ಬಂದು ತೋಳು ಮಾತ್ರ ಚಿಕ್ಕದಾದರೆ ತಪ್ಪು ತೋಳಿನ ಲೆಕ್ಕದಲ್ಲೇ ಇರಬೇಕು. ಆದರೂ ನನ್ನ ಬಳಿ ಬಂದು ಕೇಳಿದಳು.

“ಅಣ್ಣ, ಯಂತ್ರ ಏನಾದ್ರೂ ಹೆಚ್ಚುಕಮ್ಮಿ ಮಾಡುತ್ತಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಾದರೂ ಆಗಬೇಕಿತ್ತು, ನಾನು ಅದನ್ನೂ ಮಾಡಲಿಲ್ಲ. ಕೆರಳಿದೆ. “ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ಕಣಮ್ಮ. ಪ್ರಿಂಟ್ ತೆಗೆಯೋದನ್ನ ನೀನು ಹೇಳಿಕೊಡ್ತೀಯಾ? ನಾನು ನಿನಗೆ ಕಾಜಾ ಹಾಕೋದು ಹೇಳಿಕೊಟ್ಟಿದೀನಾ?”

“ತಪ್ಪು ತಿಳ್ಕೋಬೇಡಿ ಅಣ್ಣ, ಸುಮ್ನೆ ಕೇಳ್ದೆ,” ಎಂದು ಹೋದಳು.

ದೊಡ್ಡ ದೂರುಗಳನ್ನು ಆಗಲೂ ನಾನೇ ಬರೆಯುತ್ತಿದ್ದೆ. ತೋಳಿನ ದೂರಿಗೆ ಗಡ್ಡಪ್ಪ ಬರೆದ ಉತ್ತರದಲ್ಲಿ ಎರಡು ಮಾತಿತ್ತು. ‘ನನ್ನ ಲೆಕ್ಕದಲ್ಲಿ ತೋಳು ಸರಿಯಾಗಿಯೇ ಇದೆ. ಮುದ್ರಣ ನೂರಕ್ಕೆ ನೂರು ಅಳತೆಯಲ್ಲಿ ಬಂದಿದೆಯೇ, ನೋಡಿದಿರಾ?’ ಟೇಪಕ್ಕ ಪಕ್ಕದಲ್ಲಿ ಇರಲಿಲ್ಲ, ಗಿರಾಕಿಯ ಅಳತೆ ತೆಗೆಯುತ್ತಿದ್ದಳು. ನಾನು ನೆಟ್ಟಗೆ ಬರೆದೆ: ‘ಮುದ್ರಣವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ.’ ಅರ್ಜಿ ಬರೆಯುವವನ ಕೈಗೆ ಇಂಥ ಸಾಲುಗಳು ತಾವಾಗಿ ಬರುತ್ತವೆ. ಸಂಜೆ ಆಕೆಗೆ ಓದಿ ಹೇಳಿದೆ. “ನೋಡಿದ್ರಲ್ಲ ಅಣ್ಣ?” ಎಂದಳು. “ನೋಡಿದೆ ಅಂತ ಹೇಳಿದೆನಲ್ಲ,” ಎಂದೆ. ಆ ಉತ್ತರವೂ ಆಕೆಯ ಹೆಸರಲ್ಲೇ ಹೋಯಿತು.

ಅಲ್ಲಿಯವರು ಒಂದು ವಾರ ಲೆಕ್ಕದ ಮೇಲೆ ಲೆಕ್ಕ ಹಾಕಿದರು. ಎಲ್ಲಿಯೂ ತಪ್ಪು ಸಿಗಲಿಲ್ಲ. ಆದರೆ ಹೆಗಲಿನ ಸಂಗತಿ ಎಲ್ಲರಿಗೂ ನೆನಪಿತ್ತು. ಆಗಲೂ ಲೆಕ್ಕ ಸರಿಯೇ ಇತ್ತು, ಅಂಗಿ ಮಾತ್ರ ಜಾರುತ್ತಿತ್ತು. ಬಟ್ಟೆಯ ಮಾತೇ ಕೊನೆ. ತೋಳಿನ ಸೂತ್ರವನ್ನು ತಿದ್ದಿ ಎರಡು ಸೆಂಟಿಮೀಟರ್ ಹಿಗ್ಗಿಸಿದರು. ಟೇಪಕ್ಕ ಮತ್ತೆ ಹೊಲಿದಳು, ನನ್ನ ಕೈಯ ಮುದ್ರಣದಲ್ಲೇ. ತೋಳು ಸೊಗಸಾಗಿ ಕೂತಿತು. ‘ಸರಿ’ ಅಂದಳು. ಆವೃತ್ತಿ ಹೊರಗೆ ಹೋಯಿತು. ಮತದಾನಕ್ಕೆ ಮೂರು ವಾರ ಇತ್ತು.

ಎರಡು ವಾರಕ್ಕೆ ದೂರುಗಳು ಶುರುವಾದವು. ತೋಳು ಬುಗ್ಗೆಯಂತೆ ಉಬ್ಬುತ್ತಿದೆ ಎಂದು ಒಬ್ಬರು, ಹೆಗಲಿನ ಮೇಲೆ ಬಟ್ಟೆ ಗಂಟು ಕಟ್ಟುತ್ತಿದೆ ಎಂದು ಇನ್ನೊಬ್ಬರು. ಒಬ್ಬ ಶಾಲಾ ಶಿಕ್ಷಕಿ, ಸಮುದಾಯದ ಹಳೇ ಸದಸ್ಯೆ, ಹಾಸಿಗೆ ಹಿಡಿದ ರೋಗಿಗಳಿಗೆಂದು ಇಪ್ಪತ್ನಾಲ್ಕು ಅಂಗಿಗೆ ಬಟ್ಟೆ ಕತ್ತರಿಸಿಬಿಟ್ಟಿದ್ದಳು. ‘ಬೈಯುತ್ತಿಲ್ಲ, ತಿಳಿಯುತ್ತಿಲ್ಲ,’ ಎಂದು ಬರೆದಿದ್ದಳು. ‘ಟೇಪಕ್ಕನ ತೋಳು ಕೂರುತ್ತದೆ, ನಮ್ಮದು ಕೂರುವುದಿಲ್ಲ, ಯಾಕೆ?’

ನಾನು ನನ್ನ ಸ್ವಭಾವಕ್ಕೆ ತಕ್ಕಂತೆ, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೊಲಿಯೋಕೆ ಬರಲ್ಲ, ಅಷ್ಟೆ,” ಎಂದೆ. ಟೇಪಕ್ಕ ನಗಲಿಲ್ಲ. “ಆಕೆಗೆ ಹೊಲಿಯೋಕೆ ಚೆನ್ನಾಗಿ ಬರುತ್ತೆ ಅಣ್ಣ. ಫೋಟೋದಲ್ಲಿ ಹೊಲಿಗೆ ನೋಡಿದೀನಿ,” ಎಂದು ತನ್ನ ಮೂರು ಅಂಗಿಗಳ ತೋಳನ್ನು ಬಿಚ್ಚುತ್ತಾ ಕೂತಳು. ಮೂರು ದಿನ ಬಿಚ್ಚಿದ್ದೇ ಬಿಚ್ಚಿದ್ದು.

ನಾಲ್ಕನೇ ದಿನ, ಸೋಮವಾರ, ನನ್ನ ಹೊಸ ಯಂತ್ರ ರಿಪೇರಿಗೆ ಹೋಗಿತ್ತು. ಹಾಗಾಗಿ ಆಕೆ ಕೇಳಿದ ಹಾಳೆಗಳನ್ನೆಲ್ಲ ಹಳೆಯದರಲ್ಲೇ, ಮಧ್ಯೆ ತಣಿಯಲು ಬಿಟ್ಟು, ತೆಗೆದುಕೊಟ್ಟೆ. ಅರ್ಧ ಗಂಟೆಗೆ ಟೇಪಕ್ಕ ಎರಡು ತೋಳಿನ ಕಾಗದ ಹಿಡಿದು ಬಂದು ಕೌಂಟರಿನ ಮೇಲೆ ಒಂದರ ಮೇಲೊಂದು ಇಟ್ಟಳು. ಎರಡಕ್ಕೂ ಒಂದೇ ಸೂತ್ರ, ಒಂದೇ ಅಳತೆ. ಇವತ್ತಿನದು ದೊಡ್ಡದು, ಮೊನ್ನೆಯದು ಚಿಕ್ಕದು. ಟೇಪು ಇಟ್ಟು ತೋರಿಸಿದಳು: ಮೊನ್ನೆಯದರಲ್ಲಿ ಹತ್ತು ಸೆಂಟಿಮೀಟರ್ ಇರಬೇಕಾದ ಗೆರೆ ಒಂಬತ್ತೂವರೆ ಚಿಲ್ಲರೆ.

“ಅಣ್ಣ, ಇವೆರಡು ಯಾವ ಯಾವ ಯಂತ್ರದಲ್ಲಿ ಬಂದವು?”

ನನಗೆ ಆಗಲೇ ಹೊಳೆದಿತ್ತು. ಹೊಸ ಯಂತ್ರದಲ್ಲಿ ‘ಹಾಳೆಗೆ ಹೊಂದಿಸು’ ಎನ್ನುವುದರ ಮುಂದೆ ಒಂದು ಗುರುತು ಕೊಂಡ ದಿನದಿಂದ ಹಾಗೇ ಇತ್ತು. ಅಂಚು ಕತ್ತರಿಸಿಹೋಗದಿರಲೆಂದು ಅದು ಎಲ್ಲವನ್ನೂ ನೂರಕ್ಕೆ ತೊಂಬತ್ತಾರಕ್ಕೆ ಕುಗ್ಗಿಸುತ್ತದೆ. ಅರ್ಜಿ, ಅಂಕಪಟ್ಟಿ, ಮನೆ ಬಾಡಿಗೆ ಕರಾರು ತೊಂಬತ್ತಾರಾದರೆ ಯಾರಿಗೆ ಏನು? ತೋಳು ತೊಂಬತ್ತಾರಾದರೆ ಆಗುವುದಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಎಗರಾಡಿ ಮುಗಿಸುತ್ತಿದ್ದೆ. ಆಕೆ ಬೈಯಲಿಲ್ಲ. ಕಾಗದಗಳನ್ನು ಮಡಚಿಟ್ಟಳು.

“ಈಗಲೇ ಬರೀಬೇಕು ಅಣ್ಣ.”

ಸೋಮವಾರ. ಮತದಾನ ಶುಕ್ರವಾರ. ನಾನು ಕೈ ಮುಗಿಯುವುದೊಂದು ಬಾಕಿ. “ನಾಲ್ಕು ದಿನ ತಡಿ ಕಣಮ್ಮ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಕೋಬೇಡ. ಕೀಲಿಕೈ ಸಿಗಲಿ, ಶನಿವಾರ ಬರಿ. ನೀನು ಹೇಳದೆ ಯಾರಿಗೂ ಗೊತ್ತಾಗಲ್ಲ.”

“ಶುಕ್ರವಾರದವರೆಗೆ ಇನ್ನೆಷ್ಟು ಜನ ಬಟ್ಟೆ ಕತ್ತರಿಸ್ತಾರೆ ಅಣ್ಣ?”

ಮಡಚಿದ ಕಾಗದಗಳನ್ನು ಆಕೆ ನನ್ನ ಕಡೆ ತಳ್ಳಿದಳು.

“ಕಾಗದ ಆದ್ರೆ ಇನ್ನೊಂದು ತೆಗೀಬಹುದು. ಕತ್ತರಿ ಹಾಕಿದ ಬಟ್ಟೆ ಮತ್ತೆ ಒಂದಾಗುತ್ತಾ?”

“ಹಾಗಾದ್ರೆ ಝೆರಾಕ್ಸ್ ಅಂಗಡಿಯವನ ತಪ್ಪು ಅಂತ ಬರಿ. ನಿಜವೇ ತಾನೇ? ಪರಿಶೀಲಿಸಲಾಗಿದೆ ಅಂತ ಬರೆದೋನು ನಾನು.”

“ನೀವು ಅಚ್ಚು ಹಾಕಿದ್ರಿ. ಮೈಗೆ ಟೇಪು ಇಟ್ಟು, ತೋಳಿನ ಕಾಗದಕ್ಕೆ ಇಡದೆ ಕತ್ತರಿ ಹಾಕಿದೋಳು ನಾನು. ಜಗತ್ತಿಗೆಲ್ಲ ‘ಸರಿ’ ಅಂದೋಳು ನಾನು. ನಿಮ್ಮನ್ನ ಯಾಕೆ ಎಳೀಲಿ? ಮತ್ತೆ ಅಣ್ಣ, ಈ ಸಲ ನೀವು ಟೈಪ್ ಮಾಡಬೇಡಿ. ನೀವು ಬರೆದ್ರೆ ತಪ್ಪು ಎಲ್ಲಿದೆ ಅಂತ ಹುಡುಕಬೇಕಾಗುತ್ತೆ.”

ನನ್ನ ಸ್ಟೂಲಿನ ಮೇಲೆ ಕೂತು, ಎರಡು ಬೆರಳಲ್ಲಿ, ಒಂದೊಂದೇ ಅಕ್ಷರ ಹುಡುಕಿ, ತಾನು ಕಲಿತಷ್ಟು ಅವರ ಭಾಷೆಯಲ್ಲಿ ನಾಲ್ಕು ಸಾಲು ಬರೆದಳು. ತೋಳಿನ ಹಳೇ ಸೂತ್ರವೇ ಸರಿ. ನನ್ನ ಕಾಗದ ಕುಗ್ಗಿತ್ತು, ನಾನು ಅಳೆಯಲಿಲ್ಲ. ದಯವಿಟ್ಟು ಹೊಸ ಆವೃತ್ತಿಯಿಂದ ಯಾರೂ ಬಟ್ಟೆ ಕತ್ತರಿಸಬೇಡಿ. ತಪ್ಪು ನನ್ನದು. ಕಳಿಸುವ ಗುಂಡಿಯನ್ನೂ ತಾನೇ ಒತ್ತಿದಳು. ಆ ಜಾಗದಲ್ಲಿ ಬರೆದದ್ದನ್ನು ಯಾರೂ ಅಳಿಸುವುದಿಲ್ಲ. ಹತ್ತು ವರ್ಷದ ಮೇಲೆ ಬಂದವರೂ ಓದಬಹುದು.

ಗಡ್ಡಪ್ಪ ಅದೇ ದಿನ ಹಳೇ ಸೂತ್ರವನ್ನು ಮರಳಿ ತಂದ. ಕೀಲಿಕೈ ಇದ್ದ ಐವರಲ್ಲಿ ಒಬ್ಬ, ‘ಅಳತೆಯ ಹಾಳೆಯನ್ನೇ ಅಳೆಯದವರಿಗೆ ಹಕ್ಕು ಕೊಡುವ ಮಾತೇಕೆ’ ಎಂದು ಬರೆದ. ಮತದಾನ ಮುಂದಕ್ಕೆ ಹೋಯಿತು, ಎಂದಿಗೆ ಎಂದು ಯಾರೂ ಹೇಳಲಿಲ್ಲ. ಟೇಪಕ್ಕ ಶಿಕ್ಷಕಿಯ ಇಪ್ಪತ್ನಾಲ್ಕು ಅಂಗಿಗಳ ಹಿಂದೆ ಬಿದ್ದಳು. ಜಾಸ್ತಿಯಾದ ಬಟ್ಟೆಯನ್ನು ಹೆಗಲಿನ ಮೇಲೆ ಮೂರು ಸಣ್ಣ ನಿರಿಗೆಯಾಗಿ ಹಿಡಿದರೆ ತೋಳು ಕೂರುತ್ತದೆ, ಮಲಗಿದವರಿಗೆ ಕೈ ಆಡಿಸಲು ಸಲೀಸು ಕೂಡ ಎಂದು, ಹೊಲಿದು, ಹಂತ ಹಂತದ ಫೋಟೋ ತೆಗೆದು ಕಳಿಸಿದಳು. ಒಂಬತ್ತನ್ನು ಶಿಕ್ಷಕಿ ಆಗಲೇ ಒರಟಾಗಿ ಕತ್ತರಿಸಿ ಕೆಡಿಸಿದ್ದಳು. ಹದಿನೈದು ಉಳಿದವು. ಆ ಒಂಬತ್ತರ ಲೆಕ್ಕ ಟೇಪಕ್ಕ ಇವತ್ತಿಗೂ ಹೇಳುತ್ತಾಳೆ, ಹದಿನೈದರದು ಹೇಳುವುದಿಲ್ಲ.

ಆ ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ. ಯಾರೂ ನನ್ನನ್ನು ಏನೂ ಅನ್ನಲಿಲ್ಲ, ಅದೇ ತಡೆಯಲಾಗಲಿಲ್ಲ. ಮುದುಕಿ ಅತ್ತೆಯೊಬ್ಬಳೇ ಅಂಗಡಿಯ ಮುಂದೆ ಹಾದುಹೋಗುವಾಗ ನಿಂತು, “ಏನಪ್ಪ, ಕೂಲಂಕಷ ಚೆನ್ನಾಗಿದೀಯಾ?” ಎಂದು ಕೇಳಿ ಹೋದಳು. ಮಗನ ಬಾಯಲ್ಲಿ ವಿಷಯ ತಿಳಿದಿತ್ತು. ಆಮೇಲೆ ನಾನು ಮೊದಲ ಬಾರಿಗೆ ನನ್ನದೇ ಹೆಸರಲ್ಲಿ ಆ ಸಮುದಾಯಕ್ಕೆ ಬರೆದೆ. ‘ಮಾನ್ಯರೇ’ ಎಂದು ಶುರುಮಾಡಿ ಅದನ್ನು ಹೊಡೆದುಹಾಕಿದೆ. ಮುದ್ರಣವನ್ನು ಪರಿಶೀಲಿಸಲಾಗಿದೆ ಎಂಬ ಸಾಲು ನನ್ನದು, ನಾನು ಪರಿಶೀಲಿಸಿರಲಿಲ್ಲ, ಆಕೆ ಎರಡು ಸಲ ಕೇಳಿದಾಗಲೂ ಸುಳ್ಳು ಹೇಳಿದೆ ಎಂದು ಬರೆದೆ. ಕೆಳಗೆ ಒಂದು ಸಲಹೆ: ಹತ್ತು ಸೆಂಟಿಮೀಟರಿನ ಒಂದು ಚೌಕವನ್ನು ಪ್ರತಿ ಹಾಳೆಯ ಮೂಲೆಯಲ್ಲೂ ಮುದ್ರಿಸಿ, ಕತ್ತರಿಸುವ ಮುಂಚೆ ಅಳೆಯಿರಿ ಎಂದು ಪಕ್ಕದಲ್ಲಿ ಬರೆಯಬೇಕು.

ಐವರಲ್ಲಿ ಮೂವರು ತಕ್ಷಣ ಉತ್ತರಿಸಿದರು. ಚೌಕ ಒಳ್ಳೆಯದು, ಆದರೆ ಮೊದಲ ಹಾಳೆಯಲ್ಲಿ ಒಂದಿದ್ದರೆ ಸಾಕು, ಪ್ರತಿ ಹಾಳೆಯಲ್ಲೂ ಯಾಕೆ? ಜಾಗ ದಂಡ. ನನ್ನ ಪಿತ್ತ ನೆತ್ತಿಗೇರಿತು. ‘ಸ್ವಾಮಿ, ನೀವು ಝೆರಾಕ್ಸ್ ಅಂಗಡಿ ನಡೆಸಿದ್ದೀರಾ? ಇಪ್ಪತ್ತನೇ ಹಾಳೆಗೆ ಯಂತ್ರ ಬಿಸಿಯಾಗುತ್ತದೆ. ನನ್ನಂಥವನು ಗಿರಾಕಿಗೆ ಹೇಳದೆ ಯಂತ್ರ ಬದಲಿಸುತ್ತಾನೆ. ಮೊದಲ ಹಾಳೆಯ ಚೌಕ ಸರಿಯಾಗಿಯೇ ಇರುತ್ತದೆ, ಕೊನೆಯ ಹಾಳೆಯ ತೋಳು ಹಾಳಾಗುತ್ತದೆ’ ಎಂದು ಬರೆದೆ. ಆಮೇಲೆ ಗಡ್ಡಪ್ಪ ಬರೆದ. ‘ಈ ಕೂಟದಲ್ಲಿ ನನ್ನ ಹೆಸರಲ್ಲಿ ನಲವತ್ತೊಂದು ತಪ್ಪುಗಳು ದಾಖಲಾಗಿವೆ. ಟೇಪಕ್ಕನ ಹೆಸರಲ್ಲಿ ಒಂದಿದೆ, ಅದನ್ನು ಆಕೆಯೇ ಹಿಡಿದು, ಮತದಾನಕ್ಕೆ ನಾಲ್ಕು ದಿನ ಮುಂಚೆ ಆಕೆಯೇ ತಂದು ಕೊಟ್ಟದ್ದು. ಮತ ಈಗಲೇ ಹಾಕೋಣ. ಚೌಕ ಎಲ್ಲಿರಬೇಕೆಂದು ಆಕೆಯೇ ತೀರ್ಮಾನಿಸಲಿ.’

ಹದಿಮೂರು ಜನ ಬೇಕು ಎಂದರು, ಇಬ್ಬರು ಬೇಡ ಎಂದರು. ನಾನು ಗೋಡೆ ಬಡಿದು ಕೂಗಿ ಹೇಳಿದೆ. ಆಚೆ ಯಂತ್ರದ ಸದ್ದು ನಿಂತಿತು. ಟೇಪಕ್ಕ ಬರಲಿಲ್ಲ, ನಾನೇ ಹೋಗಿ ನೋಡಿದರೆ ಕಣ್ಣಿಗೆ ಟೇಪು ಒತ್ತಿಕೊಂಡು ಕೂತಿದ್ದಳು.

ಕೀಲಿಕೈ ಸಿಕ್ಕ ಮೇಲೆ ಆಕೆಯ ಮುಂದೆ ಬಂದ ಮೊದಲ ತಿದ್ದುಪಡಿ, ಗಡ್ಡಪ್ಪನನ್ನು ಕೇಳಿ ಕೇಳಿ ನಾನೇ ಬರೆದ ಚೌಕ. ನಾನು ಆಗಲೇ ಮೀಸೆ ತಿರುವುತ್ತಿದ್ದೆ. ವಾಪಸ್ ಕಳಿಸಿದಳು! ಗೆರೆಯ ಒಳಗಿನಿಂದ ಅಳೆಯಬೇಕೋ ಹೊರಗಿನಿಂದಲೋ ಹೇಳಿಲ್ಲ, ಗೆರೆ ದಪ್ಪವಾಯಿತು ಎಂದು. ನಾಲ್ಕು ಹೆಜ್ಜೆಯಾಚೆ ಕೂತವಳು, ಬಾಯಲ್ಲಿ ಹೇಳಬಾರದೇ? ಇಲ್ಲ, ಎಲ್ಲರಿಗೂ ಕಾಣುವಂತೆ ಅಲ್ಲೇ ಬರೆದಳು. ತಿದ್ದಿ ಕಳಿಸಿದೆ. ಮತ್ತೆ ವಾಪಸ್, ಈ ಸಲ ಅಕ್ಷರ ಚಿಕ್ಕದಾಯಿತಂತೆ, ತನ್ನ ಅತ್ತೆಗೆ ಕಾಣಿಸಲಿಲ್ಲವಂತೆ. ಮೂರನೇ ಸಲ ಆಕೆ ಇಪ್ಪತ್ತಾರು ಹಾಳೆಯನ್ನೂ ಎರಡೂ ಯಂತ್ರದಲ್ಲಿ ತೆಗೆಸಿ, ಒಂದೊಂದನ್ನೇ ಅಳೆದು, ಸೇರಿಸಿದಳು. ಆ ಸಾಫ್ಟ್‌ವೇರಿಗೆ ದುಡಿದವರ ಪಟ್ಟಿಯಲ್ಲಿ ಈಗ ನನ್ನ ಹೆಸರೂ ಇದೆ. ನಾನು ಮಾಡಿದ ಕೆಲಸ ಒಂದು ಚೌಕ.

ಮೊನ್ನೆ ಮಧ್ಯಾಹ್ನ ಒಬ್ಬ ನರ್ಸಮ್ಮ ಅಂಗಡಿಗೆ ಬಂದಳು, ಈ ಬೀದಿಗೆ ಹೊಸಬಳು. ಫೋನಿನಿಂದ ಒಂದು ಕಡತ ಕಳಿಸಿ ಮುದ್ರಿಸಲು ಹೇಳಿದಳು. ನೋಡಿದರೆ ಅದೇ ಕಟಿಂಗ್, ಇಪ್ಪತ್ತಾರು ಹಾಳೆ. ತೆಗೆದುಕೊಟ್ಟೆ. ಆಕೆ ಅಲ್ಲೇ ಕೌಂಟರಿಗೆ ಒರಗಿ, ಚೀಲದಿಂದ ಸ್ಕೇಲು ತೆಗೆದು, ಮೊದಲ ಹಾಳೆಯ ಮೂಲೆಗೆ ಇಟ್ಟಳು. ಆಮೇಲೆ ಎರಡನೆಯದಕ್ಕೆ. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಹಳೇ ಚಾಳಿ, ನನ್ನ ಬಾಯಿ ತೆರೆಯಿತು: “ಇಪ್ಪತ್ತೆರಡು ವರ್ಷದಿಂದ...”

ಅಷ್ಟಕ್ಕೇ ನಿಲ್ಲಿಸಿದೆ.

“ಬೇಜಾರು ಮಾಡ್ಕೋಬೇಡಿ ಮಾಮ,” ಎಂದಳು ನರ್ಸಮ್ಮ, ಮೂರನೆಯದನ್ನು ಅಳೆಯುತ್ತಾ. “ಪ್ರತಿ ಹಾಳೆನೂ ಅಳೀಬೇಕು ಅಂತ ಇದರಲ್ಲೇ ಬರೆದಿದೆ. ಇದನ್ನ ಬರೆದೋರಿಗೆ ಯಾರೋ ಪ್ರಿಂಟಿನವನು ಚೆನ್ನಾಗಿ ಕೈ ಕೊಟ್ಟಿರಬೇಕು.”

ಗೋಡೆಯಾಚೆ ಹೊಲಿಗೆ ಯಂತ್ರ ಓಡುತ್ತಿತ್ತು.

“ಹೌದಮ್ಮ, ಕೊಟ್ಟಿದ್ದ,” ಎಂದೆ. “ನಾನೇ ಅವನು. ಅಳೆ, ನಿಧಾನವಾಗಿ ಅಳೆ. ಕೊನೇ ಆರು ಹಾಳೆ ಇದೆಯಲ್ಲ, ಅದನ್ನ ಎರಡು ಸಲ ಅಳೆ.”

ಹಿಂದಿದ್ದವರಿಗೆ ಕಾಯಲು ಹೇಳಿ, ಆಕೆಗೆ ನನ್ನ ಸ್ಟೂಲನ್ನು ಹೊರಗೆ ಹಾಕಿಕೊಟ್ಟೆ.